ಮೈಎಸ್‌ಕ್ಯೂಎಲ್‌ಟ್ಯೂನರ್: ಲೆಕ್ಕ ಸರಿ, ಸಲಹೆ ಅಳೆದು ತೂಗಿ

ಮೈಎಸ್‌ಕ್ಯೂಎಲ್‌ಟ್ಯೂನರ್ ಒಂದೇ ಫೈಲಿನ ಪರ್ಲ್ ಸ್ಕ್ರಿಪ್ಟ್. ಮೈಎಸ್‌ಕ್ಯೂಎಲ್, ಮರಿಯಾಡಿಬಿ ಎಂಬ ಎರಡೂ ಡೇಟಾಬೇಸ್‌ಗಳಿಗೆ ನಡೆಯುತ್ತದೆ. ಸರ್ವರ್ ತನ್ನ ಕೆಲಸವನ್ನು ಎಣಿಸಿಡುವ ಕೌಂಟರ್‌ಗಳನ್ನು ಓದಿ ವರದಿ ಕೊಡುತ್ತದೆಯೇ ಹೊರತು ಸೆಟ್ಟಿಂಗ್‌ಗೆ ಕೈ ಹಾಕುವುದಿಲ್ಲ. ಆದರೆ ಕೌಂಟರ್‌ಗಳು ಸರ್ವರ್ ಶುರುವಾದಾಗಿನಿಂದ ಕೂಡುತ್ತಾ ಬಂದ ಮೊತ್ತ. ರೀಸ್ಟಾರ್ಟ್ ಆಗಿ 24 ಗಂಟೆಯಾದರೂ ಕಳೆಯದೆ ಓಡಿಸಿದರೆ ಬರುವುದು ಅರೆಬೆಂದ ವರದಿ.

ಇದರ ನಿಜವಾದ ಉಪಯೋಗ ಎರಡು ಕಡೆ. ಮೊದಲನೆಯದು ಇನ್ನೊಡಿಬಿ ಬಫರ್ ಪೂಲ್, ಅಂದರೆ ಮೈಎಸ್‌ಕ್ಯೂಎಲ್‌ನ ಮುಖ್ಯ ಸ್ಟೋರೇಜ್ ಎಂಜಿನ್ ಡೇಟಾವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ. ಡೀಫಾಲ್ಟ್ 128 ಎಂಬಿಯಲ್ಲೇ ಬಿಟ್ಟ ಸರ್ವರುಗಳು ಇಂದಿಗೂ ಬೇಕಾದಷ್ಟಿವೆ. ಡೇಟಾ ಎಷ್ಟಿದೆ, ಪೂಲ್ ಎಷ್ಟಿದೆ ಎಂದು ಇದು ಎದುರೆದುರು ಇಟ್ಟು ತೋರಿಸುತ್ತದೆ. ಡೇಟಾಬೇಸಿಗೆಂದೇ ಮೀಸಲಾದ 16 ಜಿಬಿ ಯಂತ್ರದಲ್ಲಿ 10 ಜಿಬಿ ಕೊಡಬಹುದು. ಎರಡನೆಯದು ಗರಿಷ್ಠ ಮೆಮೊರಿಯ ಲೆಕ್ಕ: ಎಲ್ಲರಿಗೂ ಸೇರಿದ ಬಫರ್‌ಗಳು, ಜೊತೆಗೆ ಒಂದು ಕನೆಕ್ಷನ್ನಿನ ಬಫರ್‌ಗಳನ್ನು ಮ್ಯಾಕ್ಸ್ ಕನೆಕ್ಷನ್ಸ್‌ನಿಂದ ಗುಣಿಸಿದ್ದು. ಇದನ್ನು ಕೈಯಲ್ಲಿ ಹಾಕುವ ತಾಳ್ಮೆ ಯಾರಿಗೂ ಇರುವುದಿಲ್ಲ.

ಎಡವುವುದು ಜಾಯಿನ್ ಬಫರ್, ಅಂದರೆ ಟೇಬಲ್‌ಗಳನ್ನು ಜೋಡಿಸುವಾಗ (ಜಾಯಿನ್) ಬಳಸುವ ಮೆಮೊರಿಯ ವಿಷಯದಲ್ಲಿ. ಸಾಲುಗಳನ್ನು ಬೇಗ ಹುಡುಕಿಕೊಡುವ ಇಂಡೆಕ್ಸ್ ಇಲ್ಲದ ಜಾಯಿನ್‌ಗಳು ಕಂಡರೆ ಬಫರ್ ಹೆಚ್ಚಿಸಿ, ಇಲ್ಲವೇ ಇಂಡೆಕ್ಸ್ ಬಳಸಿ ಎನ್ನುತ್ತದೆ. ಜನ ಸುಲಭದ ದಾರಿ ಹಿಡಿಯುತ್ತಾರೆ. 256 ಕೆಬಿ ಹೋಗಿ 1 ಎಂಬಿ, ಮುಂದಿನ ವಾರ 8 ಎಂಬಿ; ಸಲಹೆ ಮಾತ್ರ ಹೋಗುವುದಿಲ್ಲ, ಏಕೆಂದರೆ ಬಫರ್ ದೊಡ್ಡದಾದರೂ ಇಂಡೆಕ್ಸ್ ಹುಟ್ಟುವುದಿಲ್ಲ. 500 ಕನೆಕ್ಷನ್‌ಗೆ 256 ಕೆಬಿಯಂತೆ 125 ಎಂಬಿ. 8 ಎಂಬಿಯಂತೆ ಸುಮಾರು 4 ಜಿಬಿ. ಒಂದೇ ಕ್ವೆರಿಯಲ್ಲಿ ಇಂಡೆಕ್ಸ್ ಇಲ್ಲದ ಜಾಯಿನ್ ಮೂರಿದ್ದರೆ ಬಫರೂ ಮೂರು, ಅದು ಸ್ಕ್ರಿಪ್ಟಿನ ಲೆಕ್ಕಕ್ಕೂ ಮೀರಿದ್ದು. ಕೊನೆಗೆ ಲಿನಕ್ಸ್ ಕರ್ನಲ್ ಮೆಮೊರಿ ಸಾಲದೆ ಡೇಟಾಬೇಸನ್ನೇ ಕೊಲ್ಲುತ್ತದೆ. ಇಂಡೆಕ್ಸ್ ಹಾಕಲಾಗದ ದೊಡ್ಡ ರಿಪೋರ್ಟ್ ಇದ್ದರೆ ಆ ಸೆಷನ್ನಿಗಷ್ಟೇ ಬಫರ್ ಏರಿಸಿ, ಇಡೀ ಸರ್ವರಿನ (ಗ್ಲೋಬಲ್) ಸೆಟ್ಟಿಂಗನ್ನು ಮುಟ್ಟಬೇಡಿ.

ರೀಡೂ ಲಾಗ್ (ಡೇಟಾದ ಬದಲಾವಣೆಗಳನ್ನು ಬರೆದಿಡುವ ಲಾಗ್) ಬಫರ್ ಪೂಲಿನ ಕಾಲು ಭಾಗ ಇರಲಿ ಎಂಬ ಇದರ ಸೂತ್ರವೂ ಒರಟು ಅಂದಾಜೇ. ಬಿಡುವಿಲ್ಲದ ಒಂದು ಗಂಟೆಯಲ್ಲಿ ಲಾಗಿಗೆ ಎಷ್ಟು ಬರೆಯಲಾಗುತ್ತದೆಂದು ಅಳೆದು, ಅಷ್ಟು ಹಿಡಿಸುವಂತೆ ಇಡುವುದು ಲೇಸು. ಮೈಎಸ್‌ಕ್ಯೂಎಲ್ 8.0.30ರಿಂದ ಇದಕ್ಕೆ ರೀಸ್ಟಾರ್ಟ್ ಕೂಡ ಬೇಡ.

ಇಂಡೆಕ್ಸ್ ಇಲ್ಲದ ಜಾಯಿನ್ ಎಷ್ಟೆಂಬ ಸಂಖ್ಯೆ ವರದಿಯಲ್ಲಿದೆ, ಯಾವ ಕ್ವೆರಿಯದ್ದೆಂಬುದು ಆ ಸಾಲಿನಲ್ಲಿ ಇಲ್ಲ. ಅದಕ್ಕೆ ನಿಧಾನದ ಕ್ವೆರಿಗಳನ್ನು ದಾಖಲಿಸುವ ಸ್ಲೋ ಕ್ವೆರಿ ಲಾಗ್ ಆನ್ ಮಾಡಿ. ಡೀಫಾಲ್ಟ್ ಮಿತಿ 10 ಸೆಕೆಂಡ್, ಅದನ್ನು 1ಕ್ಕೆ ಇಳಿಸಿ. ಸಿಕ್ಕ ಕ್ವೆರಿಗೆ, ಅದು ಹೇಗೆ ನಡೆಯುತ್ತದೆಂದು ತೋರಿಸುವ ಎಕ್ಸ್‌ಪ್ಲೇನ್ ಹಾಕಿ, ಟೈಪ್ ಕಾಲಮ್ಮಿನಲ್ಲಿ ‘ಆಲ್’ (ಇಡೀ ಟೇಬಲ್ ಓದಲಾಗುತ್ತಿದೆ) ಎಂದಿರುವ ಟೇಬಲ್‌ನಿಂದ ಕೆಲಸ ಶುರು ಮಾಡಿ.