ರಿಪೇರಿ ಕೆಟ್ಟರೆ ಅದೇ ಗ್ಯಾರೇಜೋ, ಬೇರೆ ಗ್ಯಾರೇಜೋ, ನಮ್ಮ ಕೈಯೋ?

ಈ ಮೂರು ದಾರಿಗಳನ್ನೂ ಮಾಡಿ ನೋಡಿದವರಿಗೆ ಗೊತ್ತು, ಯಾವುದು ಒಳ್ಳೆಯದು ಅನ್ನುವುದಕ್ಕಿಂತ ಯಾವುದು ಮೊದಲು ಅನ್ನುವುದೇ ಮುಖ್ಯ. ಕಾರಿನ ಮುಂಚಕ್ರಗಳ ಬ್ರೇಕ್ ಡಿಸ್ಕ್ (ಚಕ್ರದ ಜೊತೆ ತಿರುಗುವ ಲೋಹದ ತಟ್ಟೆ), ಪ್ಯಾಡ್ (ಬ್ರೇಕ್ ಒತ್ತಿದಾಗ ಅದನ್ನು ಹಿಡಿಯುವ ಪಟ್ಟಿ) ಬದಲಾವಣೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಖರ್ಚಿಲ್ಲದೆ ಸರಿಹೋಗುವ ಅವಕಾಶ ಇರುವುದು ರಿಪೇರಿ ಮಾಡಿದ ಅದೇ ಗ್ಯಾರೇಜಿನಲ್ಲಿ. ಆದರೆ ಬರಿಗೈಯಲ್ಲಿ ಹೋದರೆ "ಗಾಡಿ ಕೊಟ್ಟಾಗ ಸರಿಯಾಗೇ ಇತ್ತು" ಅನ್ನುತ್ತಾರೆ. ಅದು ಸುಳ್ಳೂ ಅಲ್ಲ. ಹಬ್ (ಡಿಸ್ಕ್, ಚಕ್ರ ಕೂರುವ ನಡುಭಾಗ) ಮೇಲಿನ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜದೆ ಹೊಸ ಡಿಸ್ಕ್ ಕೂರಿಸಿದರೆ ಅದು ಕೂದಲೆಳೆಯಷ್ಟು ಓರೆಯಾಗಿ ಕೂರುತ್ತದೆ. ಮೊದಲ ದಿನ ಏನೂ ಗೊತ್ತಾಗುವುದಿಲ್ಲ. ಸುತ್ತು ಸುತ್ತಿಗೂ ಅದೇ ಜಾಗ ಪ್ಯಾಡಿಗೆ ಸವರಿ ಡಿಸ್ಕಿನ ದಪ್ಪ ಏರುಪೇರಾಗುತ್ತದೆ. ಕೆಲವು ಸಾವಿರ ಕಿ.ಮೀ. ಓಡಿದ ಮೇಲೆ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗತೊಡಗುತ್ತದೆ. ಅಷ್ಟರಲ್ಲಿ ಬಿಲ್ ಹಳೆಯದಾಗಿರುತ್ತದೆ, ದೂರು "ನೀವು ಓಡಿಸಿದ ರೀತಿ" ಆಗಿಬಿಡುತ್ತದೆ.

ಇಲ್ಲಿ ಬೇರೆ ಗ್ಯಾರೇಜ್ ಬೇಕಾಗುವುದು ಅಳತೆಗೆ, ರಿಪೇರಿಗೆ ಅಲ್ಲ. ಚಕ್ರ ಬಿಚ್ಚಿ, ಡಿಸ್ಕನ್ನು ನಟ್ ಹಾಕಿ ಬಿಗಿಯಾಗಿ ಕೂರಿಸಿಯೇ ಡಯಲ್ ಗೇಜ್ (ಕೂದಲೆಳೆಯಷ್ಟು ಅಲುಗಾಟವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆ ಸಾಧನ) ಇಟ್ಟು ತಿರುಗಿಸಿ ನೋಡಬೇಕು. ಅನೇಕ ಕಾರುಗಳಲ್ಲಿ ಓಲಾಟದ (ತಿರುಗುವಾಗ ಡಿಸ್ಕ್ ಅಕ್ಕಪಕ್ಕ ಸರಿಯುವುದರ) ಮಿತಿ 0.05 ಮಿ.ಮೀ. ಆಸುಪಾಸು; ಖಚಿತ ಅಂಕಿ ಆ ಗಾಡಿಯ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಒಳಗಿನ ಪ್ಯಾಡ್ ಹೊರಗಿನದಕ್ಕಿಂತ ತುಂಬಾ ಸವೆದಿದ್ದರೆ ಸ್ಲೈಡ್ ಪಿನ್ (ಪ್ಯಾಡ್ ಒತ್ತುವ ಭಾಗ ಜಾರಲು ಇರುವ ಕಡ್ಡಿ) ಜಾಮ್ ಆಗಿರಬಹುದು, ಅದನ್ನೂ ಬರೆಸಿ. ಗೇಜ್ ಅಂಕಿ, ಓಡಿದ ಕಿ.ಮೀ., ದಿನಾಂಕ ಇರುವ ಒಂದು ಚೀಟಿ, ಫೋಟೋ ಸಾಕು. ಡಿಸ್ಕ್ ಬಿಚ್ಚಲು ಬಿಡಬೇಡಿ. ಬಿಚ್ಚಿ ಹಬ್ ಒರೆಸಿದ ಕ್ಷಣವೇ ಸಾಕ್ಷಿ ಹೋಯಿತು, ಮೊದಲಿನವರು "ಬೇರೆಯವರು ಕೈ ಹಾಕಿದ್ದಾರೆ" ಎಂದು ಜಾರಿಕೊಳ್ಳುತ್ತಾರೆ. ಈ ಎರಡನೇ ಗ್ಯಾರೇಜಿನಲ್ಲೇ ರಿಪೇರಿ ಮಾಡಿಸುವುದು ಬೇಗ ಮುಗಿಯುತ್ತದೆ ನಿಜ, ಆದರೆ ಒಂದೇ ಕೆಲಸಕ್ಕೆ ಎರಡು ಸಲ ದುಡ್ಡು.

ಚೀಟಿ ಹಿಡಿದು ಮೊದಲಿನ ಗ್ಯಾರೇಜಿಗೆ ಹೋದಾಗ "ಸರಿಮಾಡಿ ಕೊಡಿ" ಅನ್ನುವುದು ಸಾಲದು. ಹಬ್ ಉಜ್ಜುವುದು, ಡಿಸ್ಕ್ ಮತ್ತೆ ಅಳೆಯುವುದು, ಪಿನ್‌ಗೆ ಸಿಲಿಕೋನ್ ಬ್ರೇಕ್ ಗ್ರೀಸ್ ಹಚ್ಚುವುದು (ಮಾಮೂಲಿ ಗ್ರೀಸಿಗೆ ಪಿನ್ ಮುಚ್ಚುವ ರಬ್ಬರ್ ಬೂಟ್ ಉಬ್ಬುತ್ತದೆ), ಚಕ್ರದ ನಟ್‌ಗಳನ್ನು ಟಾರ್ಕ್ ವ್ರೆಂಚ್‌ನಿಂದ (ಎಷ್ಟು ಬಿಗಿಯಾಯಿತು ಎಂದು ಅಳೆಯುವ ಸ್ಪ್ಯಾನರ್) ಅಡ್ಡಡ್ಡ ಕ್ರಮದಲ್ಲಿ ಬಿಗಿಯುವುದು, ಇಷ್ಟನ್ನೂ ಜಾಬ್ ಕಾರ್ಡ್‌ನಲ್ಲಿ (ಗ್ಯಾರೇಜಿನ ಕೆಲಸದ ಪಟ್ಟಿ) ಬರೆಸಿ.

ಆದರೆ ಬ್ರೇಕ್ ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಅಥವಾ ನಿಧಾನವಾಗಿ ಕೆಳಗಿಳಿದರೆ ಈ ಲೆಕ್ಕಾಚಾರ ಯಾವುದೂ ಬೇಡ. ಬ್ರೇಕ್ ಆಯಿಲ್ ಹರಿಯುವ ಲೈನಿನಲ್ಲಿ ಗಾಳಿಯೋ ಸೋರಿಕೆಯೋ ಇರಬಹುದು. ಗಾಡಿ ಓಡಿಸದೆ ಎಳೆಸಿಕೊಂಡೇ ಹೋಗಿ.

ನಮ್ಮ ಕೈ ಸಲ್ಲುವುದು ಸಣ್ಣದಕ್ಕೆ. ಎಂಜಿನ್ ಆಯಿಲ್ ಬದಲಿಸಿದ ಮೇಲೆ ಡ್ರೈನ್ ಬೋಲ್ಟ್ (ಆಯಿಲ್ ಇಳಿಸುವ ತೂತಿನ ಬೋಲ್ಟ್) ತುದಿಯಲ್ಲಿ ಹನಿ ಜಿನುಗಿದರೆ ಹೆಚ್ಚಾಗಿ ಹಳೆಯ ವಾಷರನ್ನೇ ಮತ್ತೆ ಹಾಕಿರುತ್ತಾರೆ. ಹೊಸ ವಾಷರ್ ಹಾಕಿ, ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿದರೆ ನಿಲ್ಲುತ್ತದೆ. ಬೋಲ್ಟ್ ಬಿಗಿಯಾಗದೆ ಸುಮ್ಮನೆ ತಿರುಗುತ್ತಿದ್ದರೆ ಸಂಪಿನ (ಎಂಜಿನ್ ಅಡಿಯ ಆಯಿಲ್ ತಟ್ಟೆಯ) ಇಲ್ಲವೇ ಬೋಲ್ಟಿನ ಥ್ರೆಡ್ ಕಿತ್ತುಹೋಗಿರಬಹುದು. ಅಲ್ಲಿಗೇ ಕೈ ತೆಗೆದು ಫೋಟೋ ಹೊಡೆಯಿರಿ. ಅದು ನಿಮಗಿಂತ ಮೊದಲು ಆ ಬೋಲ್ಟ್ ಬಿಗಿದ ಗ್ಯಾರೇಜಿನವರು ಉತ್ತರಿಸಬೇಕಾದ ವಿಷಯ.