ಹಾಸನದ ಹೊಸ ಲೇಔಟ್‌ನಲ್ಲಿ ರೆಡಿ ಮನೆ ನೋಡ್ತಿದ್ದೀರಾ? ಅಡ್ವಾನ್ಸ್ ಕೊಡೋ ಮುಂಚೆ ಇದನ್ನು ಓದಿ

ನಾವು ಪತ್ರದಲ್ಲಿ ಮೋಸ ಹೋದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಭೂ ಪರಿವರ್ತನೆ ಆಗಿತ್ತು. ಪಂಚಾಯಿತಿ ಕೊಡುವ ಆಸ್ತಿ ದಾಖಲೆ, ಅಂದರೆ ಇ-ಸ್ವತ್ತಿನ ಫಾರಂ 9, 11ಎ ಎರಡೂ ಇದ್ದವು. ಆಸ್ತಿ ಮೇಲೆ ಸಾಲ, ಅಡಮಾನ ಇದೆಯಾ ಅಂತ ತೋರಿಸುವ ಇಸಿ ತೆಗೆಸಿದ್ದೆವು, ವಕೀಲರು ಕೂತು ನೋಡಿದ್ದರು, ಬ್ಯಾಂಕಿನವರು ಸಾಲವನ್ನೂ ಕೊಟ್ಟರು. ಇಷ್ಟೆಲ್ಲ ಸರಿ ಇದ್ದ ಮೇಲೆ ಇನ್ನೇನು ಅಂತ ಧೈರ್ಯವಾಗಿ ಸಹಿ ಹಾಕಿದೆವು. ಆದರೆ ಆ ಮನೆಗೆ ನೀರು ಕೊಡುವವರು ಯಾರು, ಬಚ್ಚಲ ನೀರು ಎಲ್ಲಿಗೆ ಹೋಗುತ್ತೆ ಅಂತ ಆ ಯಾವ ಪತ್ರದಲ್ಲೂ ಇರಲಿಲ್ಲ. ನಾವೂ ಕೇಳಲಿಲ್ಲ.

ನಮ್ಮ ಮನೆಯವರು ಫ್ಯಾಕ್ಟರಿಯಲ್ಲಿ ಕೆಲಸ ಮಾಡ್ತಾರೆ. ನಾನು ಮೆಡಿಕಲ್ ಶಾಪ್‌ನಲ್ಲಿ ಬಿಲ್ಲಿಂಗ್ ಮಾಡುತ್ತಿದ್ದೆ. ಊರೊಳಗೆ 7,500 ಬಾಡಿಗೆ ಕಟ್ಟುತ್ತಿದ್ದೆವು. ಹಾಸನದಿಂದ ಎಂಟು ಕಿಲೋಮೀಟರ್ ಆಚೆ, 20x30 ಸೈಟಿನಲ್ಲಿ ಕಟ್ಟಿದ ಮನೆ 31 ಲಕ್ಷಕ್ಕೆ ಸಿಗುತ್ತೆ ಅಂದಾಗ ಕನಸು ಕೈಗೆ ಸಿಕ್ಕ ಹಾಗಾಯ್ತು. ಒಡವೆ ಮಾರಿ, ಅತ್ತೆಯವರ ಉಳಿತಾಯ ಸೇರಿಸಿ 9 ಲಕ್ಷ ಹೊಂದಿಸಿದೆವು. ಉಳಿದ 22 ಲಕ್ಷ ಇಪ್ಪತ್ತು ವರ್ಷದ ಸಾಲ. ತಿಂಗಳಿಗೆ ಸುಮಾರು 19,800 ಕಂತು.

ಮನೆ ನೋಡಲು ಹೋಗಿದ್ದು ಫೆಬ್ರವರಿಯಲ್ಲಿ. ಒಳ್ಳೆ ಬಿಸಿಲು, ನೆಲವೆಲ್ಲ ಒಣಗಿ ಗಟ್ಟಿಯಾಗಿತ್ತು. ಏಜೆಂಟ್ ಅಡುಗೆಮನೆ ನಲ್ಲಿ ತಿರುಗಿಸಿದರು, ನೀರು ರಭಸವಾಗಿ ಬಂತು. "ಇಪ್ಪತ್ನಾಲ್ಕು ಗಂಟೆ ಬೋರ್ ನೀರು ಮೇಡಂ. ಇನ್ನೊಂದು ವರ್ಷಕ್ಕೆ ಹೇಮಾವತಿ ನೀರೂ ಬರುತ್ತೆ" ಅಂದರು. ಆಗ ಇಡೀ ಲೇಔಟ್‌ನಲ್ಲಿ ಜನ ಇದ್ದಿದ್ದು ನಾಲ್ಕೇ ಮನೆಯಲ್ಲಿ. ಈಗ ಹದಿನಾಲ್ಕು ಮನೆ. ಬೋರ್‌ವೆಲ್ ಮಾತ್ರ ಅದೊಂದೇ.

ಈಗ ನಮಗೆ ನೀರು ಬರುವುದು ಎರಡು ದಿನಕ್ಕೊಮ್ಮೆ, ಅದೂ ಮುಕ್ಕಾಲು ಗಂಟೆ. ಮೋಟಾರ್ ಸುಟ್ಟರೆ ಮನೆಮನೆಯಿಂದ ದುಡ್ಡು ಎತ್ತಬೇಕು. ಬೇಸಿಗೆಯಲ್ಲಿ ತಿಂಗಳಿಗೆ ನಾಲ್ಕು ಟ್ಯಾಂಕರ್ ಹಾಕಿಸಿದೆವು, ಒಂದಕ್ಕೆ 700 ರೂಪಾಯಿ. ಬಾಡಿಗೆ ಮನೆಯಲ್ಲಿದ್ದಾಗ ನೀರಿಗೆ ಅಂತ ಒಂದು ರೂಪಾಯಿ ಬೇರೆ ಕೊಟ್ಟಿರಲಿಲ್ಲ.

ಇದನ್ನಾದರೂ ಸಹಿಸಬಹುದು. ಜುಲೈ ತಿಂಗಳ ಆ ರಾತ್ರಿಯನ್ನು ನಾನು ಮರೆಯುವ ಹಾಗಿಲ್ಲ. ಮೂರು ದಿನದಿಂದ ಜಡಿಮಳೆ. ರಾತ್ರಿ ಎರಡು ಗಂಟೆ ಇರಬಹುದು, ಬಚ್ಚಲಿನಿಂದ ಗುಳುಗುಳು ಸದ್ದು. ಎದ್ದು ಲೈಟ್ ಹಾಕಿದರೆ ಕಮೋಡಿನ ಅಂಚಿನವರೆಗೂ ಕಪ್ಪು ನೀರು ಬಂದಿತ್ತು. ನೋಡನೋಡುತ್ತಿದ್ದಂತೆ ನೆಲದ ಜಾಲರಿಯಿಂದಲೂ ಉಕ್ಕಿತು. ಹಳೇ ಸೀರೆ, ಗೋಣಿಚೀಲ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಗಿಲಿಗೆ ಅಡ್ಡ ಒತ್ತಿದೆವು. ಆದರೂ ದೇವರ ಗೂಡಿನ ಮುಂದಿನ ರಂಗೋಲಿವರೆಗೂ ಹರಿಯಿತು. ಅತ್ತೆ ಮಂಚದ ಮೇಲೆ ಕಾಲು ಮಡಚಿಕೊಂಡು ಕೂತು ಅಳುತ್ತಿದ್ದರು. ಗೃಹಪ್ರವೇಶ ಆಗಿ ಇನ್ನೂ ಮೂರು ತಿಂಗಳೂ ತುಂಬಿರಲಿಲ್ಲ.

ಬೆಳಗ್ಗೆ ಕಕ್ಕಸು ಗುಂಡಿ ಖಾಲಿ ಮಾಡುವ ಸಕ್ಕಿಂಗ್ ಗಾಡಿಯವರು ಬಂದು ಪಿಟ್ ಮುಚ್ಚಳ ತೆಗೆದು ತೋರಿಸಿದರು. ಲೇಔಟ್‌ಗೆ ಒಳಚರಂಡಿ ಇಲ್ಲ, ಪ್ರತಿ ಮನೆಗೂ ಸಿಮೆಂಟ್ ರಿಂಗ್ ಇಳಿಸಿದ ಗುಂಡಿ ಅಷ್ಟೇ. ಸುತ್ತಲಿನ ಮಣ್ಣು ನೀರು ಹೀರಿಕೊಂಡರೆ ತಾನೆ ಆ ಗುಂಡಿ ಕೆಲಸ ಮಾಡೋದು? ನಮ್ಮದು ಜೇಡಿಮಣ್ಣು, ಅದರಲ್ಲೂ ಇಳಿಜಾರಿನ ಕೊನೇ ಸಾಲು. ಮಳೆಗಾಲದಲ್ಲಿ ಹೊರಗಿನ ನೀರೇ ಒಳಗೆ ನುಗ್ಗುತ್ತೆ. ಪಕ್ಕದ ಊರಿನ ಒಬ್ಬ ಅಜ್ಜ ಅಲ್ಲೇ ನಿಂತು ನೋಡುತ್ತಿದ್ದವರು, "ಇದು ಆಲೂಗೆಡ್ಡೆ ಹೊಲ ಆಗಿತ್ತು ಕಣವ್ವ. ನಿಮ್ಮ ಸಾಲು ಇರೋ ಕಡೆ ಬಸಿಗಾಲುವೆ ಇತ್ತು. ಗೆಡ್ಡೆ ಕೊಳೀಬಾರ್ದು ಅಂತ ನೀರೆಲ್ಲ ಈ ಕಡೆಗೇ ಬಿಡ್ತಿದ್ವಿ" ಅಂದರು. ಆ ಮಳೆಗಾಲದಲ್ಲಿ ಸಕ್ಕಿಂಗ್ ಗಾಡಿಯನ್ನು ಮೂರು ಸಲ ಕರೆಸಿದೆವು. ಸಲಕ್ಕೆ 2,500.

ಅದೇ ಸಮಯಕ್ಕೆ ಎರಡು ಮನೆ ಮಕ್ಕಳಿಗೆ ವಾಂತಿ ಭೇದಿ ಶುರುವಾಯ್ತು. ಅನುಮಾನ ಬಂದು ಬೋರ್ ನೀರನ್ನು ಲ್ಯಾಬ್‌ಗೆ ಕೊಟ್ಟೆವು. ಕುಡಿಯುವ ನೀರಿನ 100 ಮಿಲಿಲೀಟರ್‌ನಲ್ಲಿ ಇ.ಕೋಲಿ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಒಂದೂ ಇರಬಾರದು. ನಮ್ಮದರಲ್ಲಿ ಇತ್ತು. ಗುಂಡಿಗಳು ಬೋರ್‌ವೆಲ್‌ಗೆ ಎಷ್ಟು ಹತ್ತಿರ ಅಂತ ಆಗಲೇ ನಾವೆಲ್ಲ ಹೆಜ್ಜೆ ಹಾಕಿ ಅಳೆದಿದ್ದು. ಈಗ ಕುಡಿಯಲು ಕ್ಯಾನ್ ನೀರು ತರಿಸುತ್ತೇವೆ.

ಬೀದಿದೀಪ ಇಲ್ಲ. ಖಾಲಿ ಸೈಟುಗಳ ತುಂಬ ಕಾಂಗ್ರೆಸ್ ಗಿಡ, ಹಾವಿನ ಕಾಟ. ರಾತ್ರಿ ಎಂಟಾದರೆ ಆಟೋದವರು ಬರಲ್ಲ. ಅದಕ್ಕೇ ಮೆಡಿಕಲ್ ಶಾಪ್ ಕೆಲಸವನ್ನೂ ಬಿಡಬೇಕಾಯ್ತು.

ಇನ್ನು ಯಾರನ್ನು ಕೇಳೋಣ? ಮನೆ ಮಾರಿದವರು "ಪಂಚಾಯಿತಿಗೆ ತೆರಿಗೆ ಕಟ್ತೀರಲ್ಲ, ಅವರನ್ನೇ ಕೇಳಿ" ಅಂತಾರೆ. ಪಂಚಾಯಿತಿಗೆ ಹೋದರೆ "ಲೇಔಟ್ ಇನ್ನೂ ನಮಗೆ ಹ್ಯಾಂಡೋವರ್ ಆಗಿಲ್ಲಮ್ಮ, ನಾವು ದುಡ್ಡು ಹಾಕೋಕಾಗಲ್ಲ" ಅಂತಾರೆ. ಆ ಒಂದು ಪದ ನಮಗೆ ಗೊತ್ತಿರಲಿಲ್ಲ. ರಸ್ತೆ, ಚರಂಡಿ, ನೀರಿನ ಟ್ಯಾಂಕ್, ಪಾರ್ಕ್ ಎಲ್ಲವನ್ನೂ ಮುಗಿಸಿ ಹಸ್ತಾಂತರ ಮಾಡುವ ತನಕ ಲೇಔಟ್‌ಗೆ ದಿಕ್ಕಿಲ್ಲ. ಅಷ್ಟರಲ್ಲಿ ಸೈಟುಗಳೆಲ್ಲ ಮಾರಿ ಹೋಗಿರುತ್ತವೆ, ಮಾಡಿದವರಿಗೆ ಅವಸರ ಏನಿರುತ್ತೆ ಹೇಳಿ?

ದಯವಿಟ್ಟು ಇದೊಂದನ್ನು ಕೇಳಿ. ಅಡ್ವಾನ್ಸ್ ಕೊಡುವ ಮುಂಚೆ ನೀವೇ ಪಂಚಾಯಿತಿ ಆಫೀಸಿಗೆ ಹೋಗಿ, ಲೇಔಟ್ ಹಸ್ತಾಂತರ ಆಗಿದೆಯಾ ಅಂತ ವಿಚಾರಿಸಿ. ಆಗಿದೆ ಅಂದರೆ ಪತ್ರದ ನಕಲು ಕೇಳಿ. ಏಜೆಂಟ್ ಬಾಯಿಮಾತು ನಂಬಬೇಡಿ. 500 ಚದರ ಮೀಟರ್‌ಗಿಂತ ದೊಡ್ಡ ಜಾಗದಲ್ಲಿ, ಎಂಟಕ್ಕಿಂತ ಜಾಸ್ತಿ ಸೈಟು ಮಾಡಿ ಮಾರುವವರು ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಣಿ ಮಾಡಿಸಿರಬೇಕು. ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ನಕ್ಷೆ, ಕೆಲಸ ಮುಗಿಸುವ ತಾರೀಕು ಎಲ್ಲ ಸಿಗುತ್ತೆ. ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದಲ್ಲಿ ನಿಂತರೆ ಸರ್ವೆ ನಂಬರ್ ತೋರಿಸುತ್ತೆ, ಅಕ್ಕಪಕ್ಕ ಕೆರೆ, ರಾಜಕಾಲುವೆ ಇದ್ದರೂ ಗೊತ್ತಾಗುತ್ತೆ. ಆದರೆ ಹೊಲದ ಬಸಿಗಾಲುವೆ ಯಾವ ಆ್ಯಪ್‌ನಲ್ಲೂ ಇರಲ್ಲ, ಅದಕ್ಕೆ ಪಕ್ಕದ ಊರಿನ ಹಿರಿಯರನ್ನೇ ಕೇಳಬೇಕು. ಆದಷ್ಟೂ ಮಳೆಗಾಲದಲ್ಲಿ ಮನೆ ನೋಡಿ. ಮಳೆ ಬರುತ್ತಿರುವಾಗಲೇ ಹೋದರೆ ಇನ್ನೂ ಒಳ್ಳೇದು.

ಈಗಾಗಲೇ ತಗೊಂಡು ಒದ್ದಾಡುತ್ತಿರುವವರು ಕೈಚೆಲ್ಲಬೇಡಿ. 2016ರ ರೇರಾ ಕಾಯ್ದೆ ಪ್ರಕಾರ ಮನೆ ವಶಕ್ಕೆ ಕೊಟ್ಟ ಐದು ವರ್ಷದೊಳಗೆ ಕಟ್ಟಡದಲ್ಲಾಗಲಿ, ಕೊಟ್ಟ ಸೌಲಭ್ಯಗಳಲ್ಲಾಗಲಿ ದೋಷ ಕಂಡು ನಾವು ತಿಳಿಸಿದರೆ, ಮಾರಿದವರು 30 ದಿನದಲ್ಲಿ ತಮ್ಮ ಖರ್ಚಿನಲ್ಲೇ ಸರಿ ಮಾಡಿಕೊಡಬೇಕು. ನಾವು ಮೊದಲು ಬರವಣಿಗೆಯಲ್ಲಿ ಕೇಳಿದೆವು, ಉತ್ತರ ಬರಲಿಲ್ಲ. ಈಗ ದೂರು ಹಾಕಿದ್ದೇವೆ. ಸಕ್ಕಿಂಗ್ ಗಾಡಿಯ ರಸೀದಿ, ಲ್ಯಾಬ್ ವರದಿ, ಆ ರಾತ್ರಿಯ ಫೋಟೋ ಎಲ್ಲ ಜೋಡಿಸಿಟ್ಟಿದ್ದೇನೆ. ಹದಿನಾಲ್ಕು ಮನೆಯಲ್ಲಿ ಹನ್ನೊಂದು ಮನೆಯವರು ಸಹಿ ಹಾಕಿದರು. ಉಳಿದ ಮೂರು ಮನೆಯವರು ಹಾಕಲಿಲ್ಲ. ಅವರು ಮಾರಿ ಹೋಗಬೇಕು ಅಂತಿದ್ದಾರೆ, ದೂರು ಇದೆ ಅಂತ ಗೊತ್ತಾದರೆ ಯಾರೂ ತಗೊಳ್ಳಲ್ಲ ಅನ್ನೋ ಭಯ. ಅವರ ಕಷ್ಟ ನನಗೆ ಅರ್ಥವಾಗುತ್ತೆ. ಆದರೆ ಆ ಮನೆಗಳ ಗೇಟಿಗೆ ಈಗ 'ಮಾರಾಟಕ್ಕಿದೆ' ಬೋರ್ಡ್ ನೇತಾಡುತ್ತಿದೆ. ಅಂಥ ಮನೆ ನೋಡಲು ನೀವು ಎಲ್ಲೇ ಹೋದರೂ, ಏಜೆಂಟ್ ಹೊರಟ ಮೇಲೆ ಒಂದೈದು ನಿಮಿಷ ಉಳಿದುಕೊಂಡು ಪಕ್ಕದ ಮನೆ ಬೆಲ್ ಒತ್ತಿ. ನಮ್ಮ ಲೇಔಟ್‌ಗೇ ಬಂದರೆ ನಾನು ಮನೆಯಲ್ಲೇ ಇರುತ್ತೇನೆ.