ಡ್ರ್ಯಾಗನ್ ಏಜ್ 2: ಅದೇ ಗುಹೆ, ಆದರೂ ಅನ್‌ಇನ್‌ಸ್ಟಾಲ್ ಮಾಡಿಲ್ಲ

ಈ ಗೇಮ್ ಇಷ್ಟ ಅಂದರೆ ಸಾಕು, "ಆ ಗುಹೆ ನೋಡಿದ್ದೀಯಾ?" ಅಂತ ಯಾರಾದರೂ ಕಾಲೆಳೆಯೋದು ಗ್ಯಾರಂಟಿ. ನೋಡಿದ್ದೇನೆ ಮಾರಾಯ್ರೆ. ಕಣ್ಣು ಮುಚ್ಚಿಕೊಂಡು ಓಡಾಡುವಷ್ಟು ನೋಡಿದ್ದೇನೆ. ಒಂದೇ ಗುಹೆಯನ್ನು ಮತ್ತೆ ಮತ್ತೆ ಬಳಸಿದ್ದಾರೆ. ಒಂದು ಸಲ ಎಡದ ದಾರಿಗೆ ಕಲ್ಲು ಅಡ್ಡ ಇರುತ್ತದೆ, ಇನ್ನೊಂದು ಸಲ ಬಲದ ದಾರಿಗೆ. ಹೊಸ ಜಾಗ ಅಂತ ನಂಬಬೇಕು! ಮೂಲೆಯ ಮ್ಯಾಪ್ ಮಾತ್ರ ಮುಚ್ಚಿದ ದಾರಿಯನ್ನೂ ಸೇರಿಸಿ ಇಡೀ ಗುಹೆಯನ್ನು ತೋರಿಸಿ ಗುಟ್ಟು ರಟ್ಟು ಮಾಡುತ್ತದೆ. ಮೊದಲ ಭಾಗ ಬಂದದ್ದು 2009ರ ನವೆಂಬರ್‌ನಲ್ಲಿ, ಇದು 2011ರ ಮಾರ್ಚ್‌ನಲ್ಲಿ. ಅವಸರ ಎದ್ದು ಕಾಣುತ್ತದೆ.

ಹೊಡೆದಾಟದಲ್ಲೂ ತಲೆನೋವಿದೆ. ಎಲ್ಲರನ್ನೂ ಮುಗಿಸಿ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಗುಂಪು ಆಕಾಶದಿಂದ ಉದುರುತ್ತದೆ. ಜೊತೆಗಾರರಿಗೆ ಬೇರೆ ಕವಚ ತೊಡಿಸುವಂತಿಲ್ಲ. ವರ್ಷಗಳು ಕಳೆದರೂ ಕಥೆ ನಡೆಯುವ ಕರ್ಕ್‌ವಾಲ್ ಊರು ಹಾಗೇ ಇರುತ್ತದೆ.

ಆದರೂ ಯಾಕೆ ಆಡ್ತೀನಿ? ಇಲ್ಲಿ ಲೋಕ ಉಳಿಸುವ ಗಡಿಬಿಡಿ ಇಲ್ಲ, ಅದಕ್ಕೇ. ನಾವು ಆಡುವ ಪಾತ್ರ ಹಾಕ್. ಹಾಕ್‌ನ ಮನೆಯವರು ಊರು ಬಿಟ್ಟು ಓಡಿ ಬಂದವರು. ಕರ್ಕ್‌ವಾಲ್ ಒಳಗೆ ಕಾಲಿಡೋಕೆ ಮಾಡಿದ ಸಾಲಕ್ಕೆ ಒಂದು ವರ್ಷ ದುಡಿಯಬೇಕು. ಇರೋದು ಸೋದರಮಾವ ಗ್ಯಾಮ್ಲೆನ್‌ನ ಕೊಳಕು ಮನೆಯಲ್ಲಿ. ತಾಯಿಯ ತವರಿನ ದೊಡ್ಡ ಬಂಗಲೆಯನ್ನು ಆತ ಸಾಲಕ್ಕೆ ಕಳೆದಿದ್ದಾನೆ. ಉಯಿಲು ತೆಗೆದು ನೋಡಿದರೆ ಆಸ್ತಿ ತಾಯಿಯ ಹೆಸರಿಗೇ ಇತ್ತು! ಡ್ರ್ಯಾಗನ್ ಹೊಡೆಯೋ ಗೇಮ್‌ನಲ್ಲಿ ಅಕ್ಕ ತಮ್ಮನ ಆಸ್ತಿ ಜಗಳ. ಇದು ನಮಗೆ ಬೇಗ ಅರ್ಥವಾಗುತ್ತೆ, ಅಲ್ವಾ?

ಇನ್ನು ಗೆಳೆಯರು. ಸಾಮಾನ್ಯವಾಗಿ ಆರ್‌ಪಿಜಿಗಳಲ್ಲಿ, ಅಂದರೆ ಒಂದು ಪಾತ್ರವಾಗಿ ಕಥೆ ಆಡುವ ಇಂಥ ಗೇಮ್‌ಗಳಲ್ಲಿ, ಎಲ್ಲರಿಗೂ ಹೌದಪ್ಪ ಅಂದರೆ ಮಾತ್ರ ಜೊತೆಗಾರರ ಗುಂಪು ಉಳಿಯುತ್ತದೆ. ಇಲ್ಲಿ ಜೊತೆಗಾರ ಫೆನ್ರಿಸ್ ಜೊತೆ ಉದ್ದಕ್ಕೂ ಕಿತ್ತಾಡಿ, ಆತ ನಿಮ್ಮ ಜೊತೆ ಇರಬಲ್ಲ. ಗೆಳೆತನಕ್ಕೆ ಹೇಗೋ ಹಾಗೆ ಪೈಪೋಟಿಗೂ ಒಂದು ಅಳತೆಪಟ್ಟಿ ಇದೆ. ಅದು ತುಂಬಿದಾಗ ಬರುವ ಮಾತುಗಳೇ ಬೇರೆ. ನನಗೆ ಇನ್ನೊಬ್ಬ ಜೊತೆಗಾತಿ ಮೆರಿಲ್ ಜೊತೆಗಿನ ಪೈಪೋಟಿಯ ದಾರಿಯೇ ಜಾಸ್ತಿ ಇಷ್ಟ. ಮುರಿದ ಮಾಯಾ ಕನ್ನಡಿಯನ್ನು ಸರಿಮಾಡುವ ಹುಚ್ಚು ಬಿಡು ಅಂತ ಬೈಯುತ್ತಲೇ ಅವಳ ಮನೆಗೆ ಹೋಗಿ ಬರಬಹುದು.

ಅವೆಲಿನ್ ಪ್ರಸಂಗಕ್ಕಂತೂ ಪೂರ್ತಿ ಅಂಕ. ಕಾವಲು ಪಡೆಯ ನಾಯಕಿ, ಯಾರಿಗೂ ಹೆದರದವಳು. ಡಾನಿಕ್ ಎಂಬ ಕಾವಲುಗಾರನಿಗೆ ಮನಸ್ಸು ಹೇಳೋಕೆ ಮಾತ್ರ ಬಾಯಿ ಬರಲ್ಲ. ತಾಮ್ರದಲ್ಲಿ ಕೆತ್ತಿಸಿದ ಚೆಂಡುಹೂವನ್ನು ನಮ್ಮ ಕೈಯಲ್ಲಿ ಕಳಿಸುತ್ತಾಳೆ. ಅವನಿಗೆ ತಲೆಬುಡ ತಿಳಿಯುವುದಿಲ್ಲ. ಆಮೇಲೆ ಅವರಿಬ್ಬರೂ ಕಡಲ ದಂಡೆಯಲ್ಲಿ ಗಸ್ತು ಹೋಗುವಾಗ ನಾವು ಮುಂದೆ ಓಡಿ ಕಳ್ಳರನ್ನು ಬಡಿದು ದಾರಿ ಮಾಡಿಕೊಡಬೇಕು. ಅಷ್ಟು ಕಷ್ಟಪಟ್ಟರೆ ಈಯಮ್ಮ ಅವನ ಹತ್ತಿರ ಹವಾಮಾನದ ಮಾತಾಡ್ತಾಳೆ!

ಇಡೀ ಕಥೆ ಹೇಳುವವನು ವ್ಯಾರಿಕ್ ಎಂಬ ಕುಳ್ಳ. ಒಂದು ಕಡೆ ತಾನೊಬ್ಬನೇ ಮನೆಗೆ ನುಗ್ಗಿ ಎಲ್ಲರನ್ನೂ ಉರುಳಿಸಿದೆ ಅಂತ ಬಿಡುತ್ತಾನೆ. ಕೇಳುತ್ತಿರುವ ಕಸಾಂಡ್ರಾ ತಡೆದು ರೇಗಿದ ಮೇಲೆ ನಿಜವಾಗಿ ಆದದ್ದನ್ನು ಆಡಿಸುತ್ತಾರೆ. ಪಾಪ, ಆ ಗುಹೆಗಳೂ ಅವನ ಸೋಮಾರಿತನವೇ ಇರಬೇಕು ಅಂತ ನಾನು ಸುಮ್ನೆ ಸಮಾಧಾನ ಮಾಡಿಕೊಂಡಿದ್ದೇನೆ.

ಐದಕ್ಕೆ ಮೂರೂವರೆ. ಸೇಲ್‌ನಲ್ಲಿ ಸಿಕ್ಕರೆ ತಗೊಳ್ಳಿ, ಲೆಗಸಿ ಎಂಬ ಡಿಎಲ್‌ಸಿ (ಆಮೇಲೆ ಬಂದ ಹೆಚ್ಚುವರಿ ಭಾಗ) ಸಮೇತ. ಅದರಲ್ಲಿ ಜಾಗಗಳು ಹೊಸವು. ಹೊಡೆದಾಟವನ್ನು ಕ್ಯಾಶುವಲ್ ಎಂಬ ಸುಲಭದ ಮಟ್ಟಕ್ಕೆ ಇಡಿ, ನಾಚಿಕೆ ಬೇಡ. ಮೊದಲ ಸಲ ಮಂತ್ರವಾದಿಯಾಗಿ ಆಡಿದರೆ ಹಾಕ್‌ನ ತಮ್ಮ ಕಾರ್ವರ್ ಬದುಕುಳಿಯುತ್ತಾನೆ. ಗೊಣಗೋದು ಜಾಸ್ತಿ, ಸ್ವಲ್ಪ ತಡ್ಕೊಳ್ಳಿ.